ಬೆಳಗಿನ ಸರದಿ ನನ್ನದು

ಮಾರ್ಚ್ ೩, ಮಂಗಳವಾರ

ಈ ಪುಸ್ತಕ ದೊಡ್ಡ ಸಿಸ್ಟರ್ ಕೊಟ್ಟದ್ದು. ಮಗುವನ್ನು ಎಷ್ಟು ಗಂಟೆಗೆ ಎದೆಗೆ ಹಾಕಿಕೊಂಡೆ, ಎಷ್ಟು ಗಂಟೆಗೆ ಇಳಿಸಿದೆ ಎಂದು ಮುಂದಿನ ಹಾಳೆಗಳಲ್ಲಿ ಬರೆಯಬೇಕಂತೆ. ಹಿಂದಿನ ಹಾಳೆಗಳಲ್ಲಿ ಏನು ಬರೆಯಬೇಕೆಂದು ಅವರು ಹೇಳಿಲ್ಲ. ಅಲ್ಲಿ ನಾನು ಬರೆಯುತ್ತೇನೆ. ಹೇಳಿಕೊಳ್ಳಲು ಜನರಿಲ್ಲವೆಂದಲ್ಲ, ಹೇಳಿಕೊಳ್ಳುವ ಅಭ್ಯಾಸ ನನಗಿಲ್ಲ.

ಮಗು ಹುಟ್ಟಿ ಇವತ್ತಿಗೆ ಎಂಟು ದಿನ. ಏಳು ತಿಂಗಳೂ ತುಂಬಿರಲಿಲ್ಲ. ಸೊಸೆಗೆ ಬಿ.ಪಿ. ಏರಿ, ಫಿಟ್ಸ್ ಬಂದು, ಅವಳ ಜೀವ ಉಳಿಸಲು ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಒಂದು ಕೇಜಿ ಎಂಬತ್ತು ಗ್ರಾಂ. ಸೊಸೆ ಮೂರನೇ ಮಹಡಿಯ ಐಸಿಯುನಲ್ಲಿ ಮಲಗಿದ್ದಾಳೆ. ಮಗು ಮೊದಲನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ. ನಡುವಿನ ಮಹಡಿಯ ಬೆಂಚಿನ ಮೇಲೆ ನಾನು, ಮೇಲಿನಿಂದ ಕರೆಯುತ್ತಾರೋ ಕೆಳಗಿನಿಂದ ಕರೆಯುತ್ತಾರೋ ಎಂದು.

ಬೆಳಿಗ್ಗೆ ಕರೆದದ್ದು ಕೆಳಗಿನಿಂದ. ಮಗು ಉಸಿರಿನ ಯಂತ್ರದಿಂದ ಹೊರಗೆ ಬಂದಿದೆ, ಇನ್ನು ಯಾರಾದರೂ ಮೈಗೆ ಮೈ ತಾಗಿಸಿ ಎದೆಯ ಮೇಲೆ ಇಟ್ಟುಕೊಳ್ಳಬೇಕು ಎಂದರು ದೊಡ್ಡ ಸಿಸ್ಟರ್. ತಾಯಿಯಾದರೆ ಒಳ್ಳೆಯದು, ಆಗದಿದ್ದರೆ ಮನೆಯವರು. ಮಗನಿಗೆ ಕೆಮ್ಮು, ಬಾಗಿಲೊಳಗೆ ಬಿಡುವುದಿಲ್ಲ. ಸೊಸೆಯ ತಾಯಿಗೆ ಮಧ್ಯಾಹ್ನ ಎರಡರವರೆಗೆ ಕೆಲಸ. ಉಳಿದವಳು ನಾನು. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟೊಂದು ಯಂತ್ರ, ಒಂದು ಮಗುವನ್ನು ಬೆಚ್ಚಗಿಡಲು ಬರುವುದಿಲ್ಲವೇ ಎಂದು ಕೇಳಿದೆ. ಬೆಚ್ಚಗಿಡಲು ಬರುತ್ತದೆ, ಆದರೆ ಪೆಟ್ಟಿಗೆಗೆ ಎದೆಬಡಿತವಿಲ್ಲ ಎಂದರು. ಕಾಂಗರೂ ಆರೈಕೆ ಎಂದು ಇದರ ಹೆಸರಂತೆ. ಮೂವತ್ತೆಂಟು ವರ್ಷ ಮನೆಯನ್ನೂ ಹೊಲಿಗೆ ಅಂಗಡಿಯನ್ನೂ ಎತ್ತಿನಂತೆ ಎಳೆದೆ. ಅರವತ್ತೆರಡಕ್ಕೆ ಕಾಂಗರೂ ಆಗುವುದೊಂದು ಬಾಕಿಯಿತ್ತು.

ಕೊರಳ ಗುಂಡಿಯನ್ನು ಸುಡುಬೇಸಿಗೆಯಲ್ಲೂ ಬಿಚ್ಚಿದವಳಲ್ಲ ನಾನು. ಪರದೆ ಎಳೆದು, ನಿನ್ನೆ ಮೊನ್ನೆ ಶಾಲೆ ಬಿಟ್ಟಂತಿರುವ ಕಿರಿಯ ಸಿಸ್ಟರ್, "ಮೇಲಿಂದೆಲ್ಲಾ ತೆಗೀರಿ ಅಜ್ಜಿ" ಎಂದಳು. ನನ್ನನ್ನು ಅಜ್ಜಿ ಎಂದ ಮೊದಲ ಬಾಯಿ ಅದು. ತಿರುಗಿ ನಿಲ್ಲು ಎಂದೆ. ನಿಂತಳು.

ಅದರ ಕಾಲನ್ನು ಕಪ್ಪೆಯಂತೆ ಮಡಿಸಿ, ತಲೆ ಒಂದು ಪಕ್ಕಕ್ಕೆ ಹೊರಳಿಸಿ, ಎದೆಯ ನಡುವೆ ಇಟ್ಟು ಉದ್ದ ಬಟ್ಟೆಯಿಂದ ನನಗೇ ಸುತ್ತಿ ಕಟ್ಟಿದರು. ತಲೆಗೆ ಟೊಪ್ಪಿ, ಬಾಯಿಗೆ ಹಾಲಿನ ಟ್ಯೂಬು, ಪಾದಕ್ಕೆ ಕೆಂಪು ದೀಪದ ಪಟ್ಟಿ. ತೂಕವೇ ಇಲ್ಲ. ಬೆನ್ನಿನ ಮೇಲೆ ಅಂಗೈ ಇಟ್ಟರೆ ಬೆನ್ನು ಮುಗಿದು ಅಂಗೈ ಇನ್ನೂ ಉಳಿದಿತ್ತು.

ಒಂದು ಗಂಟೆ ಕುಳಿತೆ. ಎರಡು ಸಲ ಅಲಾರಾಂ ಹೊಡೆಯಿತು. ದಿನ ತುಂಬದೆ ಹುಟ್ಟಿದವು ಉಸಿರಾಡುವುದನ್ನೇ ಮರೆಯುತ್ತವಂತೆ. ಕಿರಿಯ ಸಿಸ್ಟರ್ ಓಡಿಬಂದು ಅಂಗಾಲು ತಟ್ಟಿ ನೆನಪು ಮಾಡಿಕೊಟ್ಟಳು.

ಮಾರ್ಚ್ ೪, ಬುಧವಾರ

ನನ್ನ ಸರದಿಯಲ್ಲಿ ಮೂರು ಸಲ ಅಲಾರಾಂ. ಮಧ್ಯಾಹ್ನ ಬೀಗಿತ್ತಿಯ ಸರದಿಯಲ್ಲಿ ಒಂದೂ ಇಲ್ಲ.

ಮಾರ್ಚ್ ೫, ಗುರುವಾರ

ಇವತ್ತೂ ನನಗೆ ಮೂರು, ಅವಳಿಗೆ ಸೊನ್ನೆ. ಪೆಟ್ಟಿಗೆಗೆ ನೇತುಹಾಕಿದ ಚಾರ್ಟಿನಲ್ಲಿ ನನ್ನ ಹೊತ್ತಿನ ಕೆಳಗೆಲ್ಲ ಕೆಂಪು ಚುಕ್ಕೆ. ಒಂದು ಹೊಲಿಗೆ ಓರೆಯಾದರೂ ಬಿಚ್ಚಿ ಹೊಲಿಸಿದವಳು ನಾನು. ನನ್ನ ಕೆಲಸಕ್ಕೆ ಕೆಂಪು ಚುಕ್ಕೆ ಇಟ್ಟವರು ಈವರೆಗೆ ಯಾರೂ ಇರಲಿಲ್ಲ.

ಬೀಗಿತ್ತಿ ಬಸ್ ನಿಲ್ದಾಣದಲ್ಲಿ ಮೈಕ್ ಮುಂದೆ ಕೂತು ಯಾವ ಬಸ್ಸು ಯಾವಾಗ ಎಲ್ಲಿಂದ ಹೊರಡುತ್ತದೆಂದು ಕೂಗುವವಳು. ಮೈಕ್ ಇಲ್ಲದಿದ್ದರೂ ಅವಳಿಗೆ ಕೊರತೆಯೇನಿಲ್ಲ. ಬಂದವಳೇ ಸಂಕೋಚವಿಲ್ಲದೆ ಅಂಗಿ ಬಿಚ್ಚಿ, ಮಗುವನ್ನು ಹಾಕಿಕೊಂಡು, ಕುರ್ಚಿಯಲ್ಲಿ ಕಾಲು ಚಾಚಿ, ಬಸ್ಸುಗಳ ವೇಳಾಪಟ್ಟಿ ಒಪ್ಪಿಸುತ್ತಾಳೆ. ಇಂದು ನಾನು ಹೊರಡುವಾಗ ಕೇಳಿದ್ದು: "ಎಂಟೂ ಹತ್ತರ ಬಸ್ಸು ಬಿಡೋದು ಎಂಟೂವರೆಗೇ, ಗುಬ್ಬಿ. ಡ್ರೈವರ್ ಟೀ ಕುಡೀಬೇಕು. ನೀನು ಅವಸರಕ್ಕೆ ಬಿದ್ದು ಬಂದ್ಬಿಟ್ಟೆ. ಈಗ ಕಾಯಿ."

ಸಾಯುವುದೋ ಬದುಕುವುದೋ ಗೊತ್ತಿಲ್ಲದ ಮಗುವಿಗೆ ಆಡುವ ಮಾತೇ ಇದು? ಅದಕ್ಕೆ ಹೆಸರಿಡುವುದೂ ಬೇಡ, ಗುಬ್ಬಿ ಎನ್ನುವುದೂ ಬೇಡ. ಹನ್ನೊಂದನೇ ನಂಬರ್ ಎಂದು ಸಿಸ್ಟರ್‌ಗಳು ಕರೆಯುತ್ತಾರೆ, ಸದ್ಯಕ್ಕೆ ಅದೇ ಸಾಕು.

ಮಾರ್ಚ್ ೬, ಶುಕ್ರವಾರ

ಸೊಸೆಯನ್ನು ಹತ್ತು ನಿಮಿಷ ನೋಡಲು ಬಿಟ್ಟರು. ಕಣ್ಣು ಬಿಟ್ಟಿದ್ದಳು. "ಇದ್ಯಾ?" ಎಂದು ಮಾತ್ರ ಕೇಳಿದಳು. ಇದೆ ಎಂದೆ. ಮತ್ತೆ ನಿದ್ದೆಗೆ ಜಾರಿದಳು. ಕಿಡ್ನಿ ಇನ್ನೂ ಸರಿಯಾಗಿ ಕೆಲಸ ಮಾಡುತ್ತಿಲ್ಲವಂತೆ.

ಅವಳು ನನ್ನ ಅಂಗಡಿಯಲ್ಲಿ ಗುಂಡಿಗೆ ಕಾಜ ಹಾಕುತ್ತಿದ್ದ ಹುಡುಗಿ. ಕಾಜ ಹಾಕುತ್ತಲೇ ಮಗನಿಗೆ ಗಾಳವನ್ನೂ ಹಾಕಿದಳು ಎಂದು ನಾನು ಎಲ್ಲರೆದುರು ಅಂದಿದ್ದೆ. ಅವಳು ತಲೆ ಎತ್ತದೆ ಗುಂಡಿ ಹೊಲಿಯುತ್ತಿದ್ದಳು. ಮದುವೆಯಾದ ಮೇಲೂ ಅದೇ ಸ್ಟೂಲಿನ ಮೇಲೆ ಕೂರಿಸಿದೆ, ಸೊಸೆಯೆಂದು ಸಲುಗೆ ಕೊಡಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ.

ಹೊರಗೆ ಬಂದಾಗ ಡಾಕ್ಟರಮ್ಮ ನಿಲ್ಲಿಸಿ ಕೇಳಿದರು. ಮುಂಚಿನ ವಾರ ಕಾಲು ಊದಿತ್ತೇ, ತಲೆನೋವು ಎನ್ನುತ್ತಿದ್ದಳೇ, ಕಣ್ಣು ಮಂಜಾಗುತ್ತದೆ ಎಂದಳೇ? ನನಗೆ ಗೊತ್ತಿಲ್ಲ ಎಂದೆ. ಮಗ ನನ್ನ ಮುಖ ನೋಡಿದ.

ಕಾಲು ಯಾವ ಬಸುರಿಗೆ ಊದುವುದಿಲ್ಲ?

ಮಾರ್ಚ್ ೮, ಭಾನುವಾರ

ತೂಕ ಒಂದು ಕೇಜಿ ಹತ್ತಕ್ಕೆ ಇಳಿದಿದೆ. ಇವತ್ತು ನಾಲ್ಕು ಸಲ ಅಲಾರಾಂ. ನಾಲ್ಕನೆಯ ಸಲ ತಟ್ಟಿದರೂ ಏಳಲಿಲ್ಲ, ತುಟಿ ಬೂದಿಬಣ್ಣಕ್ಕೆ ತಿರುಗಿತು. ದೊಡ್ಡ ಸಿಸ್ಟರ್ ಬಂದು ನನ್ನ ಎದೆಯ ಮೇಲೇ ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತಿದರು. ನನ್ನ ಮೈಗೆ ಕಟ್ಟಿದ ಮಗು, ನನ್ನ ಎರಡೂ ಕೈ ಖಾಲಿ. ಏನು ಮಾಡಲಿ ಎಂದು ಕೇಳಿದೆ. ಏನೂ ಮಾಡಬೇಡಿ ಎಂದರು. ಆ ಮಾತನ್ನು ನನಗೆ ಯಾರೂ ಹೇಳಿದ್ದಿಲ್ಲ.

ಉಸಿರು ಮರಳಿದ ಮೇಲೆ ಅವರು ಹೋಗಲಿಲ್ಲ. ಎದುರು ಕುರ್ಚಿ ಎಳೆದುಕೊಂಡು ನನ್ನನ್ನೇ ನೋಡುತ್ತ ಕುಳಿತರು. ಸ್ವಲ್ಪ ಹೊತ್ತಿಗೆ ನನ್ನ ಮೂಗಿನ ಕೆಳಗೆ ಬೆರಳು ಹಿಡಿದರು.

"ಅಮ್ಮಾ, ನೀವು ಉಸಿರಾಡ್ತಾನೇ ಇಲ್ಲ."

ಹೌದು. ದುಬಾರಿ ಬಟ್ಟೆಗೆ ಕತ್ತರಿ ಇಡುವಾಗ ನಾನು ಉಸಿರು ಕಟ್ಟುತ್ತೇನೆ. ಕಟ್ಟಿದರೆ ಕೈ ಅಲುಗುವುದಿಲ್ಲ. ಅಮ್ಮ ಕತ್ತರಿ ಹಿಡಿದರೆ ಗೋಡೆಯ ಗಡಿಯಾರವೂ ಮೆಲ್ಲಗೆ ನಡೆಯುತ್ತದೆ ಎಂದು ಅಂಗಡಿಯವರು ನನ್ನ ಬೆನ್ನ ಹಿಂದೆ ನಗುತ್ತಾರೆ. ಮಗುವನ್ನು ಎದೆಗೆ ಕಟ್ಟಿದ ಕ್ಷಣದಿಂದ ನಾನು ಹಾಗೆಯೇ ಕೂತಿದ್ದೆನಂತೆ. ಬೆನ್ನು ನೆಟ್ಟಗೆ, ಉಸಿರು ಬಿಗಿಹಿಡಿದು, ನಿಮಿಷಕ್ಕೊಮ್ಮೆ ಕದ್ದು ಬಿಡುತ್ತ.

ಎದೆಯ ಏರಿಳಿತ ಇಂಥ ಮಕ್ಕಳಿಗೆ ಉಸಿರಾಟ ನೆನಪಿಸುತ್ತದೆ ಎಂದರು. ಎಲ್ಲವೂ ನಿಮ್ಮಿಂದ ಆಗಿದ್ದಲ್ಲ, ಮಗುವೇ ಹಸಿಯದು ಎಂದೂ ಸೇರಿಸಿದರು. ಸಮಾಧಾನದ ಮಾತು ನನಗೆ ಗುರುತು ಸಿಗುತ್ತದೆ. ಗಿರಾಕಿಗಳಿಗೆ ನಾನೂ ಹೇಳಿದ್ದೇನೆ.

ಮಾರ್ಚ್ ೯, ಸೋಮವಾರ

ಉಸಿರಾಡಬೇಕೆಂದು ನೆನಪಿಟ್ಟುಕೊಂಡು ಉಸಿರಾಡುವುದು ಎಷ್ಟು ಕಷ್ಟ. ಎಣಿಸುತ್ತೇನೆ, ಎಣಿಕೆ ತಪ್ಪುತ್ತದೆ, ಮತ್ತೆ ಬಿಗಿಹಿಡಿದಿರುತ್ತೇನೆ. ಎರಡು ಸಲ ಅಲಾರಾಂ.

ಎರಡು ಗಂಟೆಗೆ ಬೀಗಿತ್ತಿ ಬಂದಾಗ ಕೇಳಿಯೇಬಿಟ್ಟೆ, ನೀವು ಹೇಗೆ ಮಾಡುತ್ತೀರಿ ಎಂದು. ಮಗನ ಮದುವೆಯಾದ ಈ ಮೂರು ವರ್ಷದಲ್ಲಿ ಅವಳನ್ನು ನಾನಾಗಿ ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು. ಅವಳು ಅದನ್ನು ಗಮನಿಸಿದಳು, ಗಮನಿಸಿದ್ದನ್ನು ತೋರಿಸಲಿಲ್ಲ.

"ಮಾತಾಡ್ತಾ ಇರಿ ಬೀಗ್ರೇ. ಮಾತಾಡೋರು ಉಸಿರು ಕಟ್ಟೋಕಾಗಲ್ಲ."

ಏನು ಮಾತಾಡಲಿ ಎಂದೆ. ಸುಮ್ಮನಿರದಿದ್ದರೆ ಸಾಕಂತೆ, ಬೈದರೂ ನಡೆಯುತ್ತದಂತೆ; ಬೈಯಲು ನಿಮಗೆ ಯಾರೂ ಕಲಿಸಬೇಕಿಲ್ಲವಲ್ಲ ಎಂದು ಕಣ್ಣು ಮಿಟುಕಿಸಿದಳು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಂಬಿ ಬದುಕಿದವಳು ನಾನು. ಈ ವಾರ್ಡಿನಲ್ಲಿ ಬಂಗಾರ ಯಾರಿಗೂ ಬೇಡ.

ಮಾರ್ಚ್ ೧೦, ಮಂಗಳವಾರ

ಅಂಗಿಯ ಅಳತೆ ಹೇಳಿದೆ. ಬೇರೇನೂ ತೋಚಲಿಲ್ಲ. ಕೊರಳು, ಭುಜ, ತೋಳಿನುದ್ದ, ಎದೆಯ ಸುತ್ತಳತೆ. ಬೆಳೆಯುವ ಮಕ್ಕಳಿಗೆ ಒಳಮಡಿಕೆಯಲ್ಲಿ ಎರಡು ಬೆರಳು ಬಟ್ಟೆ ಬಿಡಬೇಕು, ಮುಂದಿನ ವರ್ಷ ಬಿಚ್ಚಿ ಇಳಿಸಬಹುದು ಎಂದೆ. ಪಕ್ಕದ ಪರದೆಯಾಚೆ ಯಾವಳೋ ನಕ್ಕಳು. ನಗಲಿ.

ಒಂದೇ ಸಲ ಅಲಾರಾಂ.

ಮಾರ್ಚ್ ೧೧, ಬುಧವಾರ

ಅಳತೆಗಳೆಲ್ಲ ಮುಗಿದವು. ಎರಡು ಗಂಟೆ ಕೂರಬೇಕಿತ್ತು, ಮಾತು ಬೇಕಲ್ಲ. ನನ್ನ ಗಂಡ ತೀರಿಕೊಂಡ ವರ್ಷ ಮಗನನ್ನು ಕತ್ತರಿಸಿದ ಬಟ್ಟೆಯ ರಾಶಿಯ ಮೇಲೆ ಮಲಗಿಸಿ ಹೊಲಿಯುತ್ತಿದ್ದುದನ್ನು ಹೇಳಿದೆ. ಅವನು ಅತ್ತರೂ ಕೈಯಲ್ಲಿದ್ದ ಹೊಲಿಗೆ ಮುಗಿಸಿಯೇ ಏಳುತ್ತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಅದು ದೊಡ್ಡ ಸಂಗತಿಯೂ ಅಲ್ಲ.

ಆಮೇಲೆ ಮಾತು ತನ್ನ ಪಾಡಿಗೆ ಹೋಯಿತು. ನಿನ್ನ ಅಮ್ಮ ಆ ವಾರ ಚಪ್ಪಲಿ ಹಿಡಿಸುತ್ತಿಲ್ಲ ಅತ್ತೆ ಎಂದು ಕಾಲು ತೋರಿಸಿದಳು ಎಂದೆ. ತಲೆ ಸಿಡಿಯುತ್ತಿದೆ ಎಂದು ಮೂರು ದಿನ ಹೇಳಿದಳು, ಸೂಜಿಯ ಕಣ್ಣು ಎರಡೆರಡಾಗಿ ಕಾಣುತ್ತದೆ ಎಂದಳು. ಶಾಲೆ ಸಮವಸ್ತ್ರದ ಆರ್ಡರ್ ಇತ್ತು. ನಾನು ಹೆರುವ ಹಿಂದಿನ ದಿನದವರೆಗೂ ಪೆಡಲ್ ತುಳಿದವಳು, ನಿನಗೇನು ಜೀವ ಹೋಗುತ್ತದೆಯೇ ಎಂದೆ. ಇಷ್ಟನ್ನೂ ಹೇಳಿದೆ. ಮೊಮ್ಮಗಳು ನನ್ನ ಎಡಭಾಗಕ್ಕೆ ಕೆನ್ನೆ ಒತ್ತಿಕೊಂಡು ಮಲಗಿದ್ದಳು. ಮೂಗು ಸೊಟ್ಟಗಾಗಿತ್ತು.

ಒಂದೂ ಅಲಾರಾಂ ಇಲ್ಲ. ತೂಕ ಒಂದು ಕೇಜಿ ಮೂವತ್ತೈದು.

ಮಾರ್ಚ್ ೧೩, ಶುಕ್ರವಾರ

ಹೊಟ್ಟೆ ಉಬ್ಬಿದೆ. ಸೋಂಕು ಎಂದರು. ಹಾಲು ನಿಲ್ಲಿಸಿದರು. ಮತ್ತೆ ಯಂತ್ರಕ್ಕೆ ಹಾಕಿದ್ದಾರೆ. ಎದೆಗೆ ಕೊಡುವುದಿಲ್ಲ.

ನಾನು ಕೈ ಸರಿಯಾಗಿ ತೊಳೆದಿದ್ದೆ. ಮೊಣಕೈವರೆಗೆ, ಎರಡು ಸಲ, ಪ್ರತಿ ದಿನ. ದೊಡ್ಡ ಸಿಸ್ಟರಿಗೆ ಹೇಳಿದೆ. ಯಾರೂ ನಿಮ್ಮನ್ನು ಏನೂ ಅಂದಿಲ್ಲವಲ್ಲ ಎಂದರು.

ಮಾರ್ಚ್ ೧೪, ಶನಿವಾರ

ಹಾಗೆಯೇ ಇದ್ದಾಳೆ.

ಮಾರ್ಚ್ ೧೫, ಭಾನುವಾರ

ಗಾಜಿನಾಚೆ ನಿಂತು ನೋಡಲು ಐದು ನಿಮಿಷ. ಕಾಲು ಅಲುಗಿಸುವುದೂ ಇಲ್ಲ. ಹತ್ತು ಜನಕ್ಕೆ ಕೆಲಸ ಹೇಳಿ ಮಾಡಿಸಿದವಳು ನಾನು. ಇಲ್ಲಿ ನೆಲ ಒರೆಸುವವಳಿಗೂ ಒಳಗೆ ಕೆಲಸವಿದೆ, ನನಗಿಲ್ಲ.

ಮಧ್ಯಾಹ್ನ ಬೀಗಿತ್ತಿ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತಳು. ಒಂದು ಗಂಟೆ ಮಾತಾಡಲಿಲ್ಲ. ಡಾಕ್ಟರಮ್ಮನ ಮುಖ ನೋಡಿ ಆಗದಿದ್ದ ಭಯ ಅವಳ ಮೌನ ಕೇಳಿ ಆಯಿತು. ಏನಾದರೂ ಹೇಳಿ ಎಂದೆ. ಬಸ್ಸಿನ ಹೊತ್ತಾದರೂ ಹೇಳಿ ಎಂದೆ.

ಅವಳು ಹೇಳಿದ್ದು ಬೇರೆ.

"ಆ ವಾರ ಅವ್ಳು ನಂಗೂ ಫೋನ್ ಮಾಡಿದ್ಲು ಬೀಗ್ರೇ. ತಲೆನೋವು ಅಂತ. ಮೈಕ್ ಮುಂದೆ ಕೂತಿದ್ದೆ. ಒಂದು ಮಾತ್ರೆ ನುಂಗಿ ಮಲಕ್ಕೋ ಅಂದ್ಬಿಟ್ಟೆ."

ಹಾಗಾದರೆ ನಾನು ಏನು ಮಾಡಿದೆನೆಂದೂ ಆ ಫೋನಿನಲ್ಲೇ ಅವಳಿಗೆ ಗೊತ್ತಾಗಿತ್ತು. ಮೊದಲಿನಿಂದ ಗೊತ್ತಿತ್ತು. ಇಷ್ಟು ದಿನ, ಅಷ್ಟು ದೊಡ್ಡ ಬಾಯಿಯವಳು, ಆ ಒಂದನ್ನು ಬಾಯಿಂದ ಹೊರಗೆ ಬಿಟ್ಟಿರಲಿಲ್ಲ. ಬ್ರೆಡ್ಡು ತಂದಿದ್ದಳು. ಇಬ್ಬರೂ ತಿಂದೆವು. ರುಚಿ ನೆನಪಿಲ್ಲ.

ಮಾರ್ಚ್ ೧೭, ಮಂಗಳವಾರ

ಯಂತ್ರ ತೆಗೆದರು. ಅತ್ತಳಂತೆ. ನಾನು ಕೇಳಲಿಲ್ಲ. ಕಿರಿಯ ಸಿಸ್ಟರ್ ಮೆಟ್ಟಿಲು ಹತ್ತಿ ಬಂದು ಹೇಳಿ ಹೋದಳು. ಒಳ್ಳೆಯ ಹುಡುಗಿ.

ಮಾರ್ಚ್ ೧೮, ಬುಧವಾರ

ಇವತ್ತು ಕೊಟ್ಟರು. ಗುಂಡಿ ಬಿಚ್ಚುವಾಗ ಪರದೆ ಎಳೆದಿರಲಿಲ್ಲ, ಆಮೇಲೆ ಗೊತ್ತಾಯಿತು.

ಬೆಳಿಗ್ಗೆ ಎಂಟಕ್ಕೆ ಕೂತವಳು ಬೀಗಿತ್ತಿ ಬರುವವರೆಗೆ ಏಳಲಿಲ್ಲ. ಗಂಟಲು ಒಣಗಿತು. ಏನೇನು ಹೇಳಿದೆನೋ. ನೆರೆಮನೆಯವಳ ಜಿಪುಣತನ, ಅಂಗಡಿಯ ಹಳೆಯ ಮೆಷಿನಿನ ಹಟಮಾರಿತನ, ಅವಳಪ್ಪ ಎಂಟನೇ ವಯಸ್ಸಿನಲ್ಲಿ ಗುಂಡಿ ನುಂಗಿದ್ದು. ಮಗು ಎರಡು ಸಲ ಉಸಿರು ಮರೆತಳು. ಎರಡು ಸಲವೂ ನಾನೇ ಬೆನ್ನು ಸವರಿದೆ, ಅಲಾರಾಂ ಹೊಡೆಯುವ ಮೊದಲೇ. ಈಗೀಗ ನನ್ನ ಚರ್ಮಕ್ಕೇ ಗೊತ್ತಾಗುತ್ತದೆ.

ಡಾಕ್ಟರಮ್ಮ ಬಂದಾಗ, ನಿಮಗೆ ಒಂದು ಸುಳ್ಳು ಹೇಳಿದ್ದೆ ಎಂದೆ. ಕಾಲು ಊದಿತ್ತು, ತಲೆನೋವಿತ್ತು, ಕಣ್ಣೂ ಮಂಜಾಗಿತ್ತು. ಅವರು ಕಾಗದದಲ್ಲಿ ಬರೆದುಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೦, ಶುಕ್ರವಾರ

ತೂಕ ಒಂದು ಕೇಜಿ ನೂರು. ಅಪಾಯ ಕಳೆಯಿತೇ ಎಂದು ಮಗ ಕೇಳಿದ. ಇನ್ನೂ ಮೂರು ವಾರ ಏನೂ ಹೇಳಲಾಗದು ಎಂದರು. ಅವನ ಕೆಮ್ಮು ವಾಸಿಯಾಗಿದೆ. ಸೊಸೆಯನ್ನು ವಾರ್ಡಿಗೆ ಬದಲಾಯಿಸಿದ್ದಾರೆ. ನಾಳೆ ಗಾಲಿಕುರ್ಚಿಯಲ್ಲಿ ಕೆಳಗೆ ಕರೆತರುತ್ತಾರಂತೆ.

ಬೆಳಗಿನ ಸರದಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಾರ್ಚ್ ೨೧, ಶನಿವಾರ

ಹತ್ತೂಕಾಲಿಗೆ ಸೊಸೆಯನ್ನು ಕರೆತಂದರು. ಅರ್ಧ ಇಳಿದುಹೋಗಿದ್ದಾಳೆ. ಮಗುವನ್ನು ಮೊದಲ ಸಲ ನೋಡುತ್ತಿದ್ದಳು, ಅದೂ ನನ್ನ ಎದೆಯ ಮೇಲೆ. ಬಟ್ಟೆಯೊಳಗಿಂದ ಟೊಪ್ಪಿ ಮಾತ್ರ ಕಾಣುತ್ತಿತ್ತು. "ಕೈ ತೋರ್ಸಿ" ಎಂದಳು. ಸಡಿಲಿಸಿ ಒಂದು ಕೈ ಹೊರಗೆ ತೆಗೆದೆ. ಬಹಳ ಹೊತ್ತು ನೋಡಿದಳು, ಮುಟ್ಟಲಿಲ್ಲ.

ಸಿಸ್ಟರ್ ಮಗುವನ್ನು ನನ್ನಿಂದ ಬಿಡಿಸಿ ಅವಳಿಗೆ ಕೊಟ್ಟರು. ತೆಗೆದ ಜಾಗ ತಣ್ಣಗಾಯಿತು. ಗುಂಡಿ ಹಾಕಿಕೊಂಡು ನಾನು ಅಲ್ಲೇ ನಿಂತೆ. ಹೋಗುವುದಾದರೆ ಹೇಳಿಯೇ ಹೋಗಬೇಕೆಂದು ನಿಂತೆ.

"ತಲೆನೋವು ಅಂತ ನೀನು ಮೂರು ದಿನ ಹೇಳಿದೆ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ತಪ್ಪು ನಂದು."

"ಗೊತ್ತು ಅತ್ತೆ" ಎಂದಳು. ಕಣ್ಣು ಮಗುವಿನ ಮೇಲೇ ಇತ್ತು. ನಾನು ಕಾದೆ. ಹೋಗಲಿ ಬಿಡಿ ಎನ್ನುತ್ತಾಳೆಂದು ಕಾದೆನೋ ಏನೋ. ಎನ್ನಲಿಲ್ಲ.

ಅರ್ಧ ಗಂಟೆಯಾದ ಮೇಲೆ ಅವಳ ತೋಳು ನಡುಗತೊಡಗಿತು. ನಿನಗೆ ಸುಸ್ತಾಗಿದೆ, ಸ್ವಲ್ಪ ಹೊತ್ತು ನಾನು ಇಟ್ಟುಕೊಳ್ಳಲೇ ಎಂದು ಕೇಳಿದೆ. ಕೊಡು ಎನ್ನಲಿಲ್ಲ, ಕೇಳಿದೆ.

"ಇವತ್ತು ಬೇಡ ಅತ್ತೆ."

ಸರಿ ಎಂದೆ. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಬೀಗಿತ್ತಿ ಬಾಗಿಲ ಹತ್ತಿರ ನಿಂತಿದ್ದಳು, ಮಗಳಿಗೆ ಏನೋ ಹೇಳಲು ಬಾಯಿ ತೆರೆದಳು. ಸುಮ್ಮನಿರಿ ಎಂದು ಕೈ ಮಾಡಿದೆ.

ಮಾರ್ಚ್ ೨೨, ಭಾನುವಾರ

ಇವತ್ತಿನಿಂದ ಬೆಳಗಿನ ಸರದಿ ಸೊಸೆಯದು. ಈ ಪುಸ್ತಕವನ್ನೂ ಅವಳಿಗೆ ಕೊಡಬೇಕು. ಈ ಹಾಳೆಗಳನ್ನು ಕಿತ್ತುಕೊಂಡು ಕೊಡುತ್ತೇನೆ.

ಆದರೂ ಎಂಟಕ್ಕೆ ಬಂದುಬಿಟ್ಟಿದ್ದೆ. ಗಾಜಿನ ಹೊರಗೆ ನಿಂತೆ. ಒಳಗೆ ಬೇರೊಂದು ಮಗುವಿನ ಅಲಾರಾಂ ಹೊಡೆದು ಸಿಸ್ಟರ್‌ಗಳೆಲ್ಲ ಅಲ್ಲಿಗೆ ಓಡಿದ್ದರು. ಮಗುವನ್ನು ಸೊಸೆಯ ಎದೆಗೆ ಇಟ್ಟಿದ್ದರು, ಕಟ್ಟಿರಲಿಲ್ಲ. ಅವಳು ಒಂದು ಕೈಯಲ್ಲಿ ಮಗುವನ್ನು ಹಿಡಿದು ಇನ್ನೊಂದು ಕೈಯಲ್ಲಿ ಬಟ್ಟೆ ಎಳೆಯಲು ನೋಡುತ್ತಿದ್ದಳು. ಬೆರಳಿಗೆ ಇನ್ನೂ ಹಿಡಿತ ಬಂದಿಲ್ಲ. ತಲೆ ಎತ್ತಿದಳು. ನನ್ನನ್ನು ನೋಡಿದಳು. ನೋಡಿ, ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಗಂಡನನ್ನು ಕರೆದಳು.

ಅವನು ಹುಟ್ಟಿದಾಗಿನಿಂದ ಒಂದು ಗಂಟು ಕಟ್ಟಿದವನಲ್ಲ. ಶೂ ಲೇಸನ್ನೂ ನಾನೇ ಕಟ್ಟುತ್ತಿದ್ದೆ. ಬಟ್ಟೆಯನ್ನು ತಲೆಕೆಳಗಾಗಿ ಹಿಡಿದ, ಬಿಚ್ಚಿದ, ಮತ್ತೆ ಸುತ್ತಿದ. ಮಗುವಿನ ಕಿವಿ ಮಡಿಚಿಕೊಂಡಿತೆಂದು ಸೊಸೆ ಬೈದಿರಬೇಕು, ಬಗ್ಗಿ ಕಿವಿ ಸರಿಮಾಡಿದ. ಗಂಟು ಬೆನ್ನಿಗೆ ಬರಬೇಕು, ಪಕ್ಕೆಗೆ ಹಾಕಿದ. ಅರ್ಧ ನಿಮಿಷದ ಕೆಲಸಕ್ಕೆ ಆರು ನಿಮಿಷ. ಬಾಗಿಲು ನನ್ನಿಂದ ಮೂರು ಹೆಜ್ಜೆ ದೂರದಲ್ಲಿತ್ತು, ನನ್ನ ಕೈಯೂ ತೊಳೆದಿತ್ತು.

ಹೋಗಲಿಲ್ಲ. ಗಂಟು ಸೊಟ್ಟಗಿತ್ತು, ಆದರೆ ಜಾರಲಿಲ್ಲ. ಅವರಿಬ್ಬರೂ ಏನೋ ಮಾತಾಡತೊಡಗಿದರು. ಗಾಜಿನಾಚೆ ನನಗೆ ಕೇಳಿಸಲಿಲ್ಲ.